ಮಂಡೆ ಹೋದ ತೆಂಗಿನ ಮರದಲ್ಲಿ ಮೂರು ತೂತು

ಮೊದಲ ದಿನ, ಗುರುವಾರ

ಕುಂಬಳೆ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಿಗ್ಗೆ ಎಂಟು ದಾಟಿತ್ತು. ಮಾರ್ಚ್ ಕೊನೆಯ ವಾರ. ಮಂಗಳೂರಿನಿಂದ ಇಲ್ಲಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಅಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಈ ಸಲದ ಪ್ರಯಾಣ ನಿಶ್ಚಯವಾದದ್ದು ಸೋದರಮಾವನ ಒಂದು ಫೋನಿನಿಂದ. "ಬರುವುದಾದ್ರೆ ಈ ವಾರವೇ ಬಾ ಮಾರಾಯ. ದನದ ಹಟ್ಟಿ ಹತ್ರದ ಒಣ ತೆಂಗಿನ ಮರ ಕಡಿಲಿಕ್ಕೆ ಜನಕ್ಕೆ ಹೇಳಿಯಾಗಿದೆ, ಆದಿತ್ಯವಾರ ಬರ್ತಾರೆ. ಅದರಲ್ಲಿ ಮರಕುಟಿಗ ಗೂಡು ಮಾಡಿದೆ. ಈಗ ಮೈನಾ ಬಂದು ದಿನಾ ಗಲಾಟೆ. ನಿನಗೆ ಇಂಥದ್ದೆಲ್ಲ ನೋಡ್ಬೇಕಲ್ಲ." ಇನ್ನೊಬ್ಬರ ಗೂಡಿಗೆ ನುಗ್ಗುವ ಹಕ್ಕಿಗಳ ಬಗ್ಗೆ ನನಗೆ ಬಹಳ ವರ್ಷಗಳಿಂದ ಕುತೂಹಲ. ನಾಲ್ಕು ದಿನ ರಜೆ ಹಾಕಿ ಹೊರಟೆ.

ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲು ದಾಟಿ ಬದಿಯಡ್ಕಕ್ಕೆ ಬಸ್ಸು. ಪೇಟೆ ಬಿಟ್ಟ ಕೂಡಲೇ ಮುರಕಲ್ಲಿನ ಪದವು ಶುರು. ಒಣಗಿದ ಹುಲ್ಲು, ಕಪ್ಪು ಬಂಡೆ, ನಡುವೆ ಕಲ್ಲು ಕಡಿದ ಕೆಂಪು ಗುಂಡಿಗಳು. ಆಮೇಲೆ ರಸ್ತೆ ಇಳಿಯುತ್ತದೆ, ಅಡಿಕೆ ತೋಟದ ನೆರಳು ಬರುತ್ತದೆ. ನಮ್ಮ ಹೆದ್ದಾರಿಗಳಲ್ಲಿ ನೆರಳೇ ಹೋಯಿತು ಅಂತ ಬೇಸರವಾಗುವ ಹೊತ್ತಿಗೆ ಈ ಒಳದಾರಿ ಸಿಕ್ಕರೆ ಕಣ್ಣಿಗೆ ತಂಪು. ಹೆದ್ದಾರಿ 66 ಅಗಲವಾಗುವಾಗ ಎರಡೂ ಬದಿಯ ಹಳೆಯ ಮರಗಳು ಹೋದವು. ಹಳೆಯ ಮರ ಹೋದರೆ ಪೊಟರೆಯೂ ಹೋದ ಹಾಗೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮಾವನ ಮನೆ ಬದಿಯಡ್ಕ ದಾಟಿ ಒಂದು ಬೈಲಿನ ಅಂಚಿನಲ್ಲಿ ಇದೆ. ಹಿಂದೆ ಗುಡ್ಡೆ, ಗುಡ್ಡೆಯ ಬುಡದಲ್ಲಿ ಅಜ್ಜನ ಕಾಲದ ಸುರಂಗ. ಬೇಸಿಗೆಯಲ್ಲೂ ಸಣ್ಣಗೆ ನೀರು ಬರುತ್ತದೆ. ಎದುರಿಗೆ ಅಡಿಕೆ ತೋಟ, ತೋಟದ ಆಚೆ ತೋಡು. ಅತ್ತೆ ಪುನರ್ಪುಳಿ ಶರಬತ್ತು ಕೊಟ್ಟರು. ಲೋಟ ಇಡುವ ಮೊದಲೇ ಪುಳ್ಳಿ, ಅಂದರೆ ಮಾವನ ಮೊಮ್ಮಗಳು, ಕೈ ಹಿಡಿದು ಎಳೆದಳು. ಏಳನೇ ಕ್ಲಾಸು. ಬೆನ್ನ ಮೇಲೊಂದು ಹಳೆಯ ಶಾಲೆ ಚೀಲ, ಅದರಲ್ಲಿ ನೋಟ್ ಪುಸ್ತಕ.

"ಮಾವ, ಬೇಗ ಬನ್ನಿ. ಈಗ ಜಗಳದ ಟೈಮು."

ಹಟ್ಟಿಯ ಪಕ್ಕದಲ್ಲಿ ನಿಂತಿತ್ತು ಆ ಮರ. ಎರಡು ವರ್ಷದ ಹಿಂದೆ ಸಿಡಿಲು ಬಡಿದು ಮಂಡೆ ಹೋಗಿದೆ. ಈಗ ಬರೀ ಕಂಬ. ತುದಿಯ ಕೆಳಗೆ ಒಂದರ ಕೆಳಗೊಂದು ಮೂರು ತೂತು. ಮೇಲಿನದ್ದು ಹಳತು, ಅಂಚು ಕೊಳೆತು ಅಗಲವಾಗಿತ್ತು. ನಡುವಿನದ್ದು ಹೊಸತು, ಬಳೆ ಇಟ್ಟು ಗೆರೆ ಎಳೆದಷ್ಟು ಗುಂಡಗೆ. ಕೆಳಗಿನದ್ದು ಅರ್ಧಕ್ಕೆ ಬಿಟ್ಟದ್ದು, ಒಂದೆರಡು ಬೆರಳು ಆಳ ಅಷ್ಟೆ.

ಹೊಂಬೆನ್ನಿನ ಮರಕುಟಿಗ ಜೋಡಿಯ ಕೆಲಸ ಅದು. ಗಂಡಿನ ಜುಟ್ಟು ಪೂರ್ತಿ ಕೆಂಪು. ಹೆಣ್ಣಿನ ಜುಟ್ಟಿನ ಹಿಂಭಾಗ ಮಾತ್ರ ಕೆಂಪು, ಹಣೆಯ ಮೇಲೆ ಕಪ್ಪು, ಅದರಲ್ಲಿ ಬಿಳಿ ಚುಕ್ಕೆ. ನಾವು ಹೋದಾಗ ಹೆಣ್ಣು ನಡುವಿನ ತೂತಿನಿಂದ ಮುಖ ಮಾತ್ರ ಹೊರಗೆ ಇಟ್ಟು ಕೂತಿತ್ತು. ಎದುರಿನ ಕೇಬಲ್ ತಂತಿಯ ಮೇಲೆ ಎರಡು ಮೈನಾ.

ಮೈನಾಗಳು ಏನೂ ಮಾಡಲಿಲ್ಲ. ಸುಮ್ನೆ ಕೂತವು, ಕೂಗಿದವು, ತಲೆ ಬಗ್ಗಿಸಿ ಗರಿ ಉಬ್ಬಿಸಿದವು. ಒಂದು ಹಾರಿ ಬಂದು ತೂತಿನ ಹತ್ತಿರ ಕಾಲು ಊರಿತು, ಒಳಗಿನಿಂದ ಕೊಕ್ಕು ಬಂತು, ವಾಪಸ್ ಹೋಯಿತು. ಐದು ನಿಮಿಷಕ್ಕೆ ಮತ್ತೆ. ಸಂಜೆ ಆರೂವರೆಯ ತನಕ ಇದೇ ನಡೆಯಿತು. ಪುಳ್ಳಿ ಪ್ರತಿ ಸಲಕ್ಕೂ ಪುಸ್ತಕದಲ್ಲಿ ಒಂದು ಗೆರೆ ಎಳೆದಳು. ನಲ್ವತ್ತೊಂದು ಗೆರೆ.

ರಾತ್ರಿ ಚಾವಡಿಯಲ್ಲಿ ಕೂತು ಮಾವ ಕೇಳಿದರು, "ಇದು ಕೋಗಿಲೆ ಕಾಕೆಗೆ ಮಾಡುವ ಮೋಸದ ಹಾಗೆಯೇ ಅಲ್ವಾ?"

ಅಲ್ಲ. ಬಹಳ ಜನ ಎರಡನ್ನೂ ಒಟ್ಟಿಗೆ ಹಾಕುತ್ತಾರೆ. ಕೋಗಿಲೆಗೆ ಕಾಗೆಯ ಗೂಡು ಬೇಡ, ಕಾಗೆಯ ದುಡಿಮೆ ಬೇಕು. ಮೊಟ್ಟೆ ಇಟ್ಟು ಹೋಗಿಬಿಡುತ್ತದೆ. ಮರಿ ಸಾಕುವುದು ಕಾಗೆ. ಮೈನಾ ಹಾಗಲ್ಲ. ತನ್ನ ಮೊಟ್ಟೆಗೆ ತಾನೇ ಕಾವು ಕೊಡುತ್ತದೆ, ಮರಿಗೆ ತಾನೇ ಉಣಿಸುತ್ತದೆ, ಬಹಳ ಒಳ್ಳೆಯ ತಂದೆತಾಯಿ. ಮನೆ ಮಾತ್ರ ಬೇರೆಯವರದ್ದು.

"ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ," ಅಂದರು ಮಾವ. ಅಷ್ಟೇ ವಿಷಯ.

ಎರಡನೇ ದಿನ, ಶುಕ್ರವಾರ

ಆರೂವರೆಗೆ ಎದ್ದು ಹೋದೆ. ಇಬ್ಬನಿ ಇನ್ನೂ ಅಡಿಕೆ ಹಾಳೆಗಳ ಮೇಲಿತ್ತು. ಪುಳ್ಳಿ ನನಗಿಂತ ಮೊದಲೇ ಅಲ್ಲಿದ್ದಳು, ಹಟ್ಟಿಯ ಜಗಲಿಯಲ್ಲಿ ಕಾಲು ಮಡಿಸಿ ಕೂತಿದ್ದಳು. ಮಾತಾಡಬೇಡಿ ಅಂತ ಕೈಸನ್ನೆ.

ಮರಕುಟಿಗದ ಹೆಣ್ಣು ಹೊರಗೆ ಹಾರಿತು. ಬೆಳಗಿನ ಊಟಕ್ಕೆ ಇರಬೇಕು. ಗಂಡು ಬದಲಿಗೆ ಬರುವುದು ಅರ್ಧ ನಿಮಿಷ ತಡವಾಯಿತು. ಅಷ್ಟು ಸಾಕಾಯಿತು. ಒಂದು ಮೈನಾ ತಂತಿಯಿಂದ ನೇರ ತೂತಿಗೆ ಬಂದು ಒಳಗೆ ಹೋಯಿತು. ಗಂಡು ಮರಕುಟಿಗ ಬಂದು ಕಂಬಕ್ಕೆ ಅಂಟಿಕೊಂಡು ಒಳಗೆ ಇಣುಕಿದರೆ ಒಳಗೆ ಮೈನಾ, ಬೆನ್ನ ಮೇಲೆ ಇನ್ನೊಂದು ಮೈನಾ. ಮರಕುಟಿಗ, ಬೆನ್ನ ಮೇಲಿನ ಮೈನಾ ಎರಡೂ ಒಂದನ್ನೊಂದು ಕಾಲಿನಲ್ಲಿ ಹಿಡಿದುಕೊಂಡು ಕೆಳಗೆ ಬಿದ್ದವು. ಸೆಗಣಿ ರಾಶಿಯ ಪಕ್ಕದಲ್ಲೇ ಉರುಳಾಡಿದವು. ಮರಕುಟಿಗದ ಕೊಕ್ಕು ಉಳಿ ಇದ್ದ ಹಾಗೆ, ಮರ ಕಡಿಯುತ್ತದೆ. ಆದರೆ ನೆಲದ ಮೇಲೆ ಅದಕ್ಕೆ ಆಟ ಬರುವುದಿಲ್ಲ. ಮರ ಹತ್ತಲು ಆದ ಗಿಡ್ಡ ಕಾಲು, ಊರಿಕೊಳ್ಳಲು ಆದ ಗಡುಸು ಬಾಲ. ಮೈನಾ ನೆಲದ ಹಕ್ಕಿ. ದಿನವಿಡೀ ನಡೆದೇ ತಿನ್ನುತ್ತದೆ. ಬಿಡಿಸಿಕೊಂಡು ಹಾರಿದ್ದು ಮರಕುಟಿಗವೇ.

ಆಮೇಲೆ ಮೇಲಿನಿಂದ ಬಿಳಿಯದೊಂದು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಹತ್ತಿರ ಹೋಗಿ ನೋಡಿದೆವು. ಮೊಟ್ಟೆ. ಒಂದು ಕಲ್ಲಿನ ಮೇಲೆ ಬಿದ್ದು ಪೂರ್ತಿ ಒಡೆದಿತ್ತು. ಇನ್ನೊಂದು ಒಣ ಹುಲ್ಲಿನ ಮೇಲೆ ಬಿದ್ದಿತ್ತು, ಅರ್ಧ ಚಿಪ್ಪು ಉಳಿದಿತ್ತು. ಪುಳ್ಳಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಅಚ್ಚ ಬಿಳಿ. ಪಿಂಗಾಣಿಯ ಹಾಗೆ ಹೊಳಪು. ಒಳಗಿನ ಪೊರೆಗೆ ಹಳದಿ ಅಂಟಿಕೊಂಡಿತ್ತು, ಇರುವೆ ಆಗಲೇ ಬಂದಿತ್ತು. ಪೊಟರೆಯಲ್ಲಿ ಮೊಟ್ಟೆ ಇಡುವ ಹಕ್ಕಿಗಳಲ್ಲಿ ಬಹಳಷ್ಟರ ಮೊಟ್ಟೆ ಬಿಳಿ. ಕತ್ತಲಲ್ಲಿ ಚುಕ್ಕೆ, ಬಣ್ಣ ಇದ್ದು ಏನು ಮಾಡುವುದು? ಮೈನಾದ ಮೊಟ್ಟೆ ಮಾತ್ರ ಪೊಟರೆಯಲ್ಲೂ ತಿಳಿ ನೀಲಿ.

"ಅದಕ್ಕೆ ಬೇಕಾದ್ರೆ ಮೇಲಿನ ಹಳೇ ತೂತಿಗೆ ಹೋಗ್ಬಹುದಿತ್ತಲ್ಲ," ಅಂದಳು ಹುಡುಗಿ. ಕಣ್ಣಲ್ಲಿ ನೀರಿತ್ತು. ನನಗೂ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ.

ಅವಳ ಪ್ರಶ್ನೆಗೆ ಉತ್ತರ ಆ ತೂತಿನಲ್ಲೇ ಇತ್ತು. ಹಳೆಯದರ ಬಾಯಿ ಅಗಲ. ಮಳೆ ಹೊಡೆಯುತ್ತದೆ, ಹಾವು ಹೋಗುತ್ತದೆ, ಕಾಗೆಯ ಕತ್ತು ಹೋಗುತ್ತದೆ. ಹೊಸತರ ಬಾಯಿ ಮೈಗೆ ಅಳತೆ ತೆಗೆದಷ್ಟು ಬಿಗಿ. ಮೈನಾಗೆ ಮರ ಕೊರೆಯುವ ಕೊಕ್ಕಿಲ್ಲ. ಗಿಳಿಗೂ ಇಲ್ಲ, ಅದು ಇದ್ದ ತೂತನ್ನು ಕಚ್ಚಿ ಅಗಲ ಮಾಡಿಕೊಳ್ಳಬಲ್ಲದು ಅಷ್ಟೆ. ಮಡಿವಾಳ ಹಕ್ಕಿಗೆ ಇಲ್ಲ, ಹಾಲಕ್ಕಿಗೆ ಇಲ್ಲ, ಅಷ್ಟು ದೊಡ್ಡ ಕೊಕ್ಕಿನ ಮಂಗಟ್ಟೆಗೂ ಇಲ್ಲ. ಒಂದು ಊರಿನಲ್ಲಿ ಮನೆ ಕಟ್ಟಬಲ್ಲವರು ಎರಡೇ ಕುಲ: ಮರಕುಟಿಗ ಮತ್ತು ಕುಟ್ರು. ಉಳಿದವರೆಲ್ಲ ಅವು ಬಿಟ್ಟದ್ದನ್ನು ಕಾಯಬೇಕು, ಇಲ್ಲವೇ ಬಿಡಿಸಬೇಕು.

ಹತ್ತು ಗಂಟೆಯ ಒಳಗೆ ಮೈನಾ ಜೋಡಿ ಸಾಮಾನು ತರಲು ಶುರು ಮಾಡಿತು. ಒಣ ಬೇರು. ಅಡಿಕೆ ಸಿಪ್ಪೆಯ ನಾರು. ಕೋಳಿಯ ಗರಿ. ಅಡಿಕೆ ಒಣಗಿಸುವ ನೀಲಿ ಟಾರ್ಪಾಲಿನ ಒಂದು ಎಳೆ, ಮೊಳ ಉದ್ದದ್ದು. ಅದನ್ನು ಒಳಗೆ ಎಳೆದುಕೊಳ್ಳಲು ನಾಲ್ಕು ಸಲ ಬೀಳಿಸಿ ಎತ್ತಿತು. ಕೊನೆಗೆ ಬಂದದ್ದು ಹಾವಿನ ಪೊರೆ. ಗಾಳಿಗೆ ರಿಬ್ಬನ್ನಿನ ಹಾಗೆ ಹಾರುತ್ತಿತ್ತು. ಮೈನಾ ಗೂಡಿನಲ್ಲಿ ಪೊರೆ ಇಡುತ್ತದೆ ಅಂತ ಓದಿದ್ದೆ, ತರುವುದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

ಮಧ್ಯಾಹ್ನ ಗುಜ್ಜೆ ಪಲ್ಯ, ಮಾವಿನಮಿಡಿ ಉಪ್ಪಿನಕಾಯಿ. ಹೊಟ್ಟೆ ತುಂಬಿತು, ಮನಸ್ಸು ಮಾತ್ರ ಆ ಮರದಲ್ಲೇ ಇತ್ತು. ಅತ್ತೆ ಗಮನಿಸಿದರು. "ಸಂಜೆ ಅವಳನ್ನು ಎಲ್ಲಿಯಾದ್ರೂ ಕರ್ಕೊಂಡು ಹೋಗು. ಮಗು ಊಟ ಮಾಡಲಿಲ್ಲ," ಅಂದರು.

ಕಿದೂರಿಗೆ ಹೋದೆವು. ಕುಂಬಳೆ ಹತ್ತಿರದ ಸಣ್ಣ ಊರು, ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಜಾಗ. ಮುರಕಲ್ಲಿನ ಗುಡ್ಡೆಯ ಮೇಲೆ ಕಾಜೂರು ಪಳ್ಳ ಅಂತ ಒಂದು ನೀರಿನ ಹೊಂಡ ಇದೆ. ಬೇಸಿಗೆಯಲ್ಲಿ ಸುತ್ತಲ ಹಕ್ಕಿಗಳಿಗೆಲ್ಲ ಅದೇ ಆಸರೆ. ಊರಿನವರೇ ಹಕ್ಕಿಗಳನ್ನು ಮುತುವರ್ಜಿಯಿಂದ ನೋಡಿಕೊಂಡಿದ್ದಾರೆ.

ದಾರಿಯ ಗದ್ದೆಯ ಬದಿಯಲ್ಲಿ ಒಂದು ತೆಂಗಿನ ಗರಿಗಳಲ್ಲಿ ಕಳೆದ ಮಳೆಗಾಲದ ಗೀಜಗನ ಗೂಡುಗಳು ಇನ್ನೂ ನೇತಾಡುತ್ತಿದ್ದವು. ಹಸಿರು ಹೋಗಿ ಹುಲ್ಲಿನ ಬಣ್ಣ ಬಂದಿತ್ತು. ಗೀಜಗನ ಗಂಡು ಒಂದು ಗೂಡಿಗೆ 500 ಸಲದವರೆಗೆ ಹುಲ್ಲಿನ ಎಳೆ ತರುತ್ತದೆ, ಸುಮಾರು 18 ದಿನದ ಕೆಲಸ. ಅರ್ಧ ಕಟ್ಟಿದ ಮೇಲೆ ಹೆಣ್ಣು ಬಂದು ನೋಡಿ ಒಪ್ಪಬೇಕು. ಇಲ್ಲದಿದ್ದರೆ ಗೂಡು ಅಲ್ಲಿಗೇ ನಿಂತಿತು. ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಅಲಿಬಾಗ್ ಹತ್ತಿರದ ಕಿಹಿಮ್‌ನಲ್ಲಿ ಕೂತು ನೋಡಿ ಇದನ್ನೆಲ್ಲ ಬಿಡಿಸಿ ಬರೆದರು. ಒಂದು ಗಂಡಿಗೆ ಹಲವು ಗೂಡು, ಹಲವು ಸಂಸಾರ ಅಂತ ತಿಳಿದದ್ದು ಹಾಗೆ.

ನಾವು ನೋಡುತ್ತಾ ನಿಂತಾಗ ಒಂದು ಗೂಡಿನ ಕೊಳವೆಯಿಂದ ಸಣ್ಣ ಹಕ್ಕಿ ತಲೆ ಹಾಕಿತು. ಗೀಜಗ ಅಲ್ಲ, ರಾಟವಾಳ. ಬಿಳಿ ಸೊಂಟದ್ದು. ಹಿಂದೆಯೇ ಇನ್ನೊಂದು, ಮತ್ತೊಂದು. ನಾಲ್ಕು ರಾಟವಾಳ ಒಂದೇ ಗೂಡಿನಿಂದ ಹೊರಬಂದವು. ರಾತ್ರಿ ಮಲಗುವ ಜಾಗ ಇರಬೇಕು. ಬಯಲುಸೀಮೆಯ ಕಡೆ ಬಿಳಿ ಗಂಟಲಿನ ರಾಟವಾಳ ಹಳೆಯ ಗೀಜಗನ ಗೂಡಿನಲ್ಲೇ ಮೊಟ್ಟೆಯನ್ನೂ ಇಡುತ್ತದೆ.

"ಇಲ್ಲಿ ಜಗಳ ಇಲ್ಲ," ಅಂದಳು ಪುಳ್ಳಿ. ಇಲ್ಲ. ಗೀಜಗನಿಗೆ ಹಳೆಯ ಗೂಡು ಬೇಡ, ಮಳೆ ಬಂದ ಮೇಲೆ ಹೊಸತು ಕಟ್ಟುತ್ತದೆ. ಇದೂ ಇನ್ನೊಬ್ಬರ ಗೂಡೇ, ಆದರೆ ಯಾರದ್ದನ್ನೂ ಕಿತ್ತುಕೊಂಡದ್ದಲ್ಲ. ಹುಡುಗಿಯ ಮುಖ ಸ್ವಲ್ಪ ಸರಿಯಾಯಿತು.

ಇನ್ನೂ ಒಂದು ಸಿಕ್ಕಿತು ಅಲ್ಲಿ. ನಾಲ್ಕು ದಿನದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಬೆರಗು ಮಾಡಿದ್ದು ಅದೇ. ಗೇರುಮರದ ಕೊಂಬೆಯಲ್ಲಿ ತಲೆಯಷ್ಟು ದೊಡ್ಡ, ಕಂದು ಕಾಗದದ ಉಂಡೆಯ ಹಾಗಿನ ಇರುವೆ ಗೂಡು. ಚಗಳಿ ಅಲ್ಲ. ಚಗಳಿ ಎಲೆ ಹೊಲಿಯುತ್ತದೆ. ಇದು ಕಪ್ಪು ಇರುವೆ, ರೇಗಿದರೆ ಹೊಟ್ಟೆಯನ್ನು ಬೆನ್ನ ಮೇಲೆ ಎತ್ತಿಕೊಂಡು ಓಡುತ್ತದೆ, ಮರವನ್ನು ಅಗಿದು ಗೂಡು ಮಾಡುತ್ತದೆ. ಆ ಗೂಡಿನ ಬದಿಯಲ್ಲಿ ಒಂದು ಗುಂಡು ತೂತು. ಕಾದೆವು. ಇಪ್ಪತ್ತು ನಿಮಿಷಕ್ಕೆ ಕಂದು ಮರಕುಟಿಗ ಬಂದು ಸೀದಾ ಒಳಗೆ ಹೋಯಿತು.

ಅದು ಇರುವೆ ತಿನ್ನುವ ಹಕ್ಕಿ. ಆ ಇರುವೆಗಳ ಗೂಡನ್ನೇ ಕೊರೆದು, ಒಳಗೆ ಇರುವೆ ಓಡಾಡುತ್ತಿರುವಾಗಲೇ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಅದರ ಬಾಲದ ಗರಿಗೆ ಕಚ್ಚಿಕೊಂಡ ಇರುವೆಯ ತಲೆಗಳು ಹಾಗೇ ಅಂಟಿಕೊಂಡಿರುವುದೂ ಉಂಟು. ಕೆಲವು ಮಿಂಚುಳ್ಳಿಗಳು ಮರದ ಮೇಲಿನ ಗೆದ್ದಲು ಗೂಡು ಕೊರೆಯುತ್ತವೆ. ಆದರೆ ಕಚ್ಚುವ ಇರುವೆಯ ನಡುವೆ ಸಂಸಾರ ಹೂಡುವ ಧೈರ್ಯಕ್ಕೆ ಏನೆನ್ನಬೇಕು?

ಅನಂತಪುರದ ಕೆರೆ ದೇವಸ್ಥಾನ ದಾರಿಯಲ್ಲೇ ಬಿದ್ದಿತು. ಕತ್ತಲಾಗಿತ್ತು. ಹೊರಗಿನಿಂದಲೇ ಕೈಮುಗಿದು ಮನೆಗೆ ಬಂದೆವು.

ಊಟವಾದ ಮೇಲೆ ಪುಳ್ಳಿ ಕೇಳಿದಳು, "ಬೇರೆ ದೇಶದಲ್ಲೂ ಹೀಗೆ ಉಂಟಾ?"

ಉಂಟು. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಒಂದು ನೊಣಹಿಡುಕ ಇದೆ, ಅದರ ಹೆಸರೇ ಕಡಲ್ಗಳ್ಳ ನೊಣಹಿಡುಕ. ಗುಬ್ಬಚ್ಚಿಗಿಂತ ತುಸು ದೊಡ್ಡದು. ಗೀಜಗನ ಗೂಡಿನ ಹಾಗೆ ನೇತಾಡುವ ಗೂಡು ಕಟ್ಟುವ ದೊಡ್ಡ ಹಕ್ಕಿಗಳನ್ನು ಗಂಡುಹೆಣ್ಣು ಸೇರಿ ಕಾಡುತ್ತವೆ. ಗೂಡಿನ ಯಜಮಾನ ಒಂದನ್ನು ಅಟ್ಟಿಕೊಂಡು ಹೋದಾಗ ಇನ್ನೊಂದು ಒಳಗೆ ಹೋಗಿ ಮೊಟ್ಟೆ ಎಸೆಯುತ್ತದೆ. ಮೊಟ್ಟೆ ಹೋದ ಮೇಲೆ ಯಜಮಾನನಿಗೂ ಗೂಡಿನ ಮೇಲೆ ಮನಸ್ಸು ಉಳಿಯುವುದಿಲ್ಲ. ಕಲಹರಿಯ ಮರಳುಗಾಡಿನಲ್ಲಿ ಗೀಜಗನ ನೆಂಟ ಹಕ್ಕಿಗಳು ನೂರಾರು ಸೇರಿ ಹುಲ್ಲಿನ ಮಾಡಿನಷ್ಟು ದೊಡ್ಡ ಗೂಡು ಕಟ್ಟುತ್ತವೆ. ಅದರ ಕೋಣೆಗಳಲ್ಲಿ ಕೆಲವನ್ನು ಪುಟ್ಟ ಬೇಟೆಹಕ್ಕಿಯೊಂದು ಹಿಡಿದುಕೊಳ್ಳುತ್ತದೆ. ಆಫ್ರಿಕಾದ ಅತಿ ಸಣ್ಣ ಬೇಟೆಹಕ್ಕಿ ಅದು.

ನಮ್ಮ ಮೈನಾದ ಸುದ್ದಿಯನ್ನೂ ಹೇಳಿದೆ. ಜನ ಅದನ್ನು ಆಸ್ಟ್ರೇಲಿಯಾಕ್ಕೆ, ಬೇರೆ ಬೇರೆ ದ್ವೀಪಗಳಿಗೆ ಕೊಂಡುಹೋಗಿ ಬಿಟ್ಟರು. ಅಲ್ಲಿಯ ಹಕ್ಕಿಗಳಿಗೆ ಇದರ ಗುಣ ಗೊತ್ತಿರಲಿಲ್ಲ. 2000ನೇ ಇಸವಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಹೊರಗಿನಿಂದ ಬಂದು ಹಾನಿ ಮಾಡುವ 100 ಜೀವಿಗಳ ಪಟ್ಟಿ ಮಾಡಿದಾಗ ಅದರಲ್ಲಿ ಹಕ್ಕಿಗಳು ಮೂರೇ. ಒಂದು ಯುರೋಪಿನ ಸ್ಟಾರ್ಲಿಂಗ್. ಉಳಿದ ಎರಡು ಮೈನಾ ಮತ್ತು ಕೆಂಪು ಬುಡದ ಪಿಕಳಾರ. ಎರಡೂ ನಮ್ಮ ಅಂಗಳದವು.

"ಇಲ್ಲಿ ಅದು ಕೆಟ್ಟದ್ದಲ್ಲವಾ ಹಾಗಾದ್ರೆ?"

ಇಲ್ಲಿ ಅದು ಊರಿನದ್ದೇ. ಮರಕುಟಿಗಕ್ಕೂ ಅದಕ್ಕೂ ಸಾವಿರಾರು ವರ್ಷದ ಪರಿಚಯ. ಮರಕುಟಿಗ ಸೋತರೆ ಇನ್ನೊಂದು ತೂತು ಕೊರೆಯುತ್ತದೆ. ಕೊರೆಯಲು ಒಣಮರ ಇರಬೇಕು ಅಷ್ಟೆ. ಇದನ್ನು ಹೇಳುವಾಗ ನಾನು ಮಾವನ ಕಡೆ ನೋಡಲಿಲ್ಲ. ಮಾವನೂ ನನ್ನ ಕಡೆ ನೋಡಲಿಲ್ಲ.

ಮೂರನೇ ದಿನ, ಶನಿವಾರ

ಬೇಕಲಕ್ಕೆ ಹೋಗುವುದು ಅಂತ ಮೊದಲೇ ಮಾತಾಗಿತ್ತು. ಮಾವ ಕೂಡ ಹೊರಟರು. ಕಾಸರಗೋಡು ಪೇಟೆಯಲ್ಲಿ ಬಸ್ಸು ಬದಲಾಯಿಸಬೇಕು. ಕಾದಿದ್ದಾಗ ಮಾವ ಮಾತು ತೆಗೆದರು. "ನೀನು ಹೇಳುವುದು ನನಗೆ ಅರ್ಥ ಆಗ್ತದೆ. ಆದ್ರೆ ಒಣ ತೆಂಗು ಇಟ್ಟರೆ ಕುರುವಾಯಿ ಬರ್ತದೆ. ಕೊಳೆತ ಕಾಂಡದಲ್ಲೇ ಅದರ ಹುಳ ಹುಟ್ಟುವುದು. ಆಮೇಲೆ ಒಳ್ಳೆ ಮರದ ಸುಳಿ ತಿಂತದೆ. ತೆಂಗಿನ ಸಂಶೋಧನೆಯವರೂ ಅದನ್ನೇ ಹೇಳುವುದು, ಸತ್ತ ಮರ ತೆಗೀರಿ ಅಂತ."

ಅವರು ಹೇಳಿದ್ದು ಸರಿ. 1916ರಲ್ಲಿ ಇಲ್ಲಿ ತೆಂಗಿನ ಸಂಶೋಧನೆ ಶುರುವಾಯಿತು. ಈಗಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದರಿಂದಲೇ ಬೆಳೆದದ್ದು. ಕುರುವಾಯಿ ಅನ್ನುವ ಈ ದುಂಬಿ ಸುಳ್ಳು ಭಯ ಅಲ್ಲ. ಹಕ್ಕಿಯ ಮೇಲಿನ ಪ್ರೀತಿಯಿಂದ ಮಾತಾಡುವವರು ತೋಟದವನ ಈ ಕಷ್ಟವನ್ನು ಬಿಟ್ಟು ಮಾತಾಡಬಾರದು ಅಂತ ನನಗೆ ಅನಿಸುತ್ತದೆ. ಮರಕುಟಿಗ ಮರದ ಹುಳ ತಿನ್ನುತ್ತದೆ ಅಂದೆ. "ಎಲ್ಲ ತಿಂತದಾ?" ಅಂದರು. ಎಲ್ಲ ತಿನ್ನುವುದಿಲ್ಲ. ಸುಮ್ಮನಾದೆ.

ಚಂದ್ರಗಿರಿ ಹೊಳೆ ದಾಟಿ ಮುಂದೆ ಒಂದು ಸಣ್ಣ ಮೋರಿಯ ಹತ್ತಿರ ಇಳಿದೆವು. ನನಗೆ ಗೊತ್ತಿದ್ದವರೊಬ್ಬರು ಗುರುತು ಹೇಳಿದ್ದರು. ಮೋರಿಯ ಒಳಗೆ ಬಗ್ಗಿ ನೋಡಿದರೆ ಮೇಲ್ಚಾವಣಿಗೆ ಅಂಟಿಕೊಂಡು ಮೂರು ಮಣ್ಣಿನ ಗೂಡು. ಮಲಗಿಸಿದ ಹೂಜಿಯ ಹಾಗೆ, ಉದ್ದ ಕುತ್ತಿಗೆ. ಕೆಂಪು ಸೊಂಟದ ಅಂಬರಗುಬ್ಬಿಯದು. ಹೊಳೆಯ ಕೆಸರನ್ನು ಬಾಯಲ್ಲಿ ಉಂಡೆ ಉಂಡೆ ತಂದು ಕಟ್ಟುತ್ತದೆ. ಹತ್ತಿರದಿಂದ ನೋಡಿದರೆ ಒಂದೊಂದು ಉಂಡೆಯೂ ಬೇರೆ ಬೇರೆ ಕಾಣುತ್ತದೆ. ಕಪ್ಪು ಮಣ್ಣಿನ ಸಾಲು, ಮೇಲೆ ಕೆಂಪು ಮಣ್ಣಿನ ಸಾಲು. ಯಾವ ದಿನ ಎಲ್ಲಿಂದ ಕೆಸರು ತಂದಿತ್ತು ಅಂತ ಓದಬಹುದು.

ಎರಡು ಗೂಡಿನ ಬಾಯಿ ಚೊಕ್ಕಟ. ಮೂರನೆಯದರ ಬಾಯಿಯಿಂದ ಬಿಳಿ ಗರಿಗಳು ಹೊರಗೆ ಚಾಚಿದ್ದವು. ಅಂಚಿಗೆ ಎಂಜಲಿನಿಂದ ಅಂಟಿಸಿದ್ದವು. ಅದು ಅಂಬರಗುಬ್ಬಿಯ ರೀತಿ ಅಲ್ಲ. ಒಂದು ಕಪ್ಪು ಹಕ್ಕಿ ಬಾಣದ ಹಾಗೆ ಬಂದು ಒಳಗೆ ಹೊಕ್ಕಿತು, ಸೊಂಟದ ಬಿಳಿ ಪಟ್ಟಿ ಒಂದು ಕ್ಷಣ ಕಂಡಿತು. ಬಾನಾಡಿ.

ಬಾನಾಡಿಗೆ ಇದೊಂದು ದೊಡ್ಡ ತಾಪತ್ರಯ. ಅದರ ಕಾಲು ಎಷ್ಟು ಗಿಡ್ಡ ಅಂದರೆ ನೆಲದಲ್ಲಿ ಇಳಿದು ನಡೆಯಲಾಗದು, ಕೊಂಬೆಯ ಮೇಲೆ ಕೂರಲಾಗದು, ಗೋಡೆಗೆ ಜೋತುಬೀಳಬಹುದು ಅಷ್ಟೆ. ಕೆಸರು ತರುವುದು ಹೇಗೆ? ಗಾಳಿಯಲ್ಲಿ ಹಾರುವ ಗರಿ, ನಾರು ಹಿಡಿದು ಎಂಜಲಿನಲ್ಲಿ ಅಂಟಿಸಿ ಗೂಡು ಮಾಡಬೇಕು. ಸಿದ್ಧವಾದ ಮಣ್ಣಿನ ಹೂಜಿ ಕಂಡರೆ ಬಿಡುತ್ತದಾ? ಆಫ್ರಿಕಾದಲ್ಲಿ ಇದರ ಹತ್ತಿರದ ನೆಂಟ ಹಕ್ಕಿಯೊಂದಕ್ಕಂತೂ ಅಂಬರಗುಬ್ಬಿಯ ಗೂಡೇ ಗೂಡು. ಅದು 1960ರ ದಶಕದಲ್ಲಿ ಸ್ಪೇನಿಗೂ ಹೋಗಿ ನೆಲೆಸಿತು. ಅಲ್ಲಿ ಕೆಂಪು ಸೊಂಟದ ಅಂಬರಗುಬ್ಬಿ ಇದ್ದದ್ದಕ್ಕೇ ಅದಕ್ಕೆ ಜಾಗ ಸಿಕ್ಕಿತು.

ಮಾವ ಬಗ್ಗಿ ಬಗ್ಗಿ ನೋಡಿದರು. ಎಪ್ಪತ್ತರ ಸೊಂಟ, ಆದರೂ ಏಳಲಿಲ್ಲ. "ಇಷ್ಟು ವರ್ಷ ಈ ರಸ್ತೆಯಲ್ಲಿ ಹೋಗಿದ್ದೇನೆ. ಮೋರಿಯ ಒಳಗೆ ಇಷ್ಟೆಲ್ಲ ಉಂಟು ಅಂತ ಯಾರಿಗೆ ಗೊತ್ತು?" ಅಂದರು.

ಬೇಕಲ ಕೋಟೆಯಲ್ಲಿ ಬಿಸಿಲು ಜಾಸ್ತಿ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, 40 ಎಕರೆಯಷ್ಟು ಜಾಗ. ಬುರುಜಿನ ಮೇಲೆ ನಿಂತರೆ ಮೂರು ಕಡೆ ಕಡಲು. ಅಲ್ಲಿಂದ ಬಿಳಿಹೊಟ್ಟೆಯ ಕಡಲ ಹದ್ದು ಒಂದು ಕಂಡಿತು. ರೆಕ್ಕೆ ಅಲುಗಿಸದೆ ನಮ್ಮ ಕಣ್ಣಿನ ಮಟ್ಟದಲ್ಲೇ ತೇಲಿಹೋಯಿತು. ಈ ಜಿಲ್ಲೆಯ ಕಡಲ ಅಂಚಿನ ದೊಡ್ಡ ಮರಗಳಲ್ಲಿ ಅದು ಗೂಡು ಕಟ್ಟುತ್ತದೆ. ಒಂದೇ ಗೂಡನ್ನು ವರ್ಷವರ್ಷವೂ ಕಡ್ಡಿ ಸೇರಿಸಿ ದೊಡ್ಡದು ಮಾಡುತ್ತದೆ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಹಕ್ಕಿ, ತನ್ನದೇ ಮರ ಅಂತ ಘೋಷಿಸಿಕೊಂಡಾಗ ಹಕ್ಕಿ ಇದಾಯಿತು, ಮರ ಕಾಸರಕ ಆಯಿತು. ಊರಿಗೆ ಹೆಸರು ಬಂದದ್ದೇ ಕಾಸರಕದಿಂದ ಅಂತ ಮಾವನ ನಂಬಿಕೆ.

ಬೊಂಡ ಕುಡಿದು ವಾಪಸ್ ಬಂದೆವು.

ಸಂಜೆ ಮರದ ಹತ್ತಿರ ಹೊಸ ಸುದ್ದಿ. ಎರಡು ಗಿಳಿ ಬಂದಿದ್ದವು. ಒಂದು ಮೇಲಿನ ಹಳೆಯ ತೂತಿನ ಅಂಚನ್ನು ಕಚ್ಚಿ ಕಚ್ಚಿ ಉದುರಿಸುತ್ತಿತ್ತು. ಕೆಳಗಿನ ಮನೆಯ ಮೈನಾಗಳಿಗೆ ಅದೂ ಸಹಿಸಲಿಲ್ಲ. ಮೈನಾ ತಾನು ಇರುವ ತೂತನ್ನು ಮಾತ್ರ ಕಾಯುವುದಿಲ್ಲ, ಸುತ್ತಲಿನದ್ದನ್ನೂ ಕಾಯುತ್ತದೆ. ಗಿಳಿ ಜಗ್ಗಲಿಲ್ಲ. ಕತ್ತಲಾಗುವ ತನಕ ಕಿರುಚಾಟ.

ನುಗ್ಗೆಮರದ ಕಡೆಯಿಂದ ಕುಟ್ರು ಹಕ್ಕಿಯ ಕುಟುರ್ ಕುಟುರ್ ಕೇಳಿಸುತ್ತಲೇ ಇತ್ತು. ಅದೊಂದು ಪಾಪದ ಹಕ್ಕಿ ಅಂತ ಪುಳ್ಳಿ ಅಂದಾಗ ನಿಜ ಹೇಳಬೇಕಾಯಿತು. ಕುಟ್ರು ಸುಮಾರು 20 ದಿನ ಕಷ್ಟಪಟ್ಟು ಒಣ ಕೊಂಬೆ ಕೊರೆಯುತ್ತದೆ, ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ, ಮೈನಾ ಬಂದು ಬಿಡಿಸುವುದೂ ಉಂಟು. ಹಾಗೆಯೇ ಕುಟ್ರು ತನಗಿಂತ ಸಣ್ಣ ಕುಟ್ರುಗಳ, ಸಣ್ಣ ಮರಕುಟಿಗಗಳ ತೂತಿನ ಬಾಯಿ ಒಡೆದು ಓಡಿಸುವುದೂ ಉಂಟು. ಅವಳು ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡಳು.

ನಾಲ್ಕನೇ ದಿನ, ಆದಿತ್ಯವಾರ

ಮರ ಕಡಿಯುವವರು ಎಂಟಕ್ಕೆ ಬಂದರು. ಇಬ್ಬರು, ಹಗ್ಗ, ಯಂತ್ರದ ಗರಗಸ. ಅತ್ತೆ ನೀರುದೋಸೆ ಬಡಿಸಿದರು. ಪುಳ್ಳಿ ತಿಂಡಿಗೆ ಬರಲಿಲ್ಲ, ಹಟ್ಟಿಯ ಜಗಲಿಯಲ್ಲೇ ಇದ್ದಳು. ನಾನು ಒಂದು ಮಾತೂ ಆಡಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಅವರ ತೋಟ, ಅವರ ಹಟ್ಟಿ, ಅವರ ಹಸು.

ಮಾವ ಕೈತೊಳೆದು ಅಂಗಳಕ್ಕೆ ಬಂದು ಮರದ ಸುತ್ತ ಎರಡು ಸುತ್ತು ಬಂದರು. ಬುಡಕ್ಕೆ ಕತ್ತಿಯ ಹಿಂಬದಿಯಿಂದ ಬಡಿದು ನೋಡಿದರು. ಟಣ್ ಅಂತ ಸದ್ದು. ಬುಡ ಇನ್ನೂ ಗಟ್ಟಿ. ಕಣ್ಣು ಮುಚ್ಚಿ ತೆರೆದು ವಾಲಿದ ದಿಕ್ಕು ನೋಡಿದರು.

"ಇದು ಬಿದ್ರೆ ತೋಡಿಗೆ ಬೀಳುವುದು. ಹಟ್ಟಿಗೆ ಅಲ್ಲ," ಅಂದರು. ಆಮೇಲೆ ಬಂದವರ ಕಡೆ ತಿರುಗಿ, "ಇದನ್ನು ಮಳೆಗಾಲ ಕಳೆದ ಮೇಲೆ ನೋಡುವ. ಅಲ್ಲಿ ಗೇಟಿನ ಹತ್ರ ಸುಳಿ ಕೊಳೆತದ್ದು ಒಂದು ಉಂಟು, ಈವತ್ತು ಅದನ್ನು ತೆಗೀರಿ. ಕಾಂಡ ಇಲ್ಲಿ ಬಿಡುವುದು ಬೇಡ, ತುಂಡು ಮಾಡಿ ಸುಟ್ಟುಬಿಡುವ."

ಗೇಟಿನ ಹತ್ತಿರದ್ದರಲ್ಲಿ ತೂತು ಇರಲಿಲ್ಲ. ನಾನು ಹೋಗಿ ಪರೀಕ್ಷೆ ಮಾಡಿದೆ.

ಗರಗಸದ ಸದ್ದು ನಿಂತ ಮೇಲೆ ಹಟ್ಟಿಯ ಕಡೆಯಿಂದ ಬೇರೆ ಸದ್ದು ಕೇಳಿಸಿತು. ಟಕ್ ಟಕ್ ಟಕ್, ಸ್ವಲ್ಪ ನಿಲ್ಲಿಸಿ ಮತ್ತೆ ಟಕ್ ಟಕ್. ಓಡಿ ಹೋದೆವು. ಮರಕುಟಿಗದ ಗಂಡು ಕೆಳಗಿನ, ಅರ್ಧಕ್ಕೆ ಬಿಟ್ಟ ತೂತಿನಲ್ಲಿ ಕೆಲಸ ಹಿಡಿದಿತ್ತು. ಮೇಲೆ ಗಿಳಿ, ನಡುವೆ ಮೈನಾ, ಕೆಳಗೆ ಇದು. ಮೈನಾ ಒಂದು ಸಲ ಹೊರಗೆ ಬಂದು ಬೈದಿತು, ಮರಕುಟಿಗ ಕಂಬದ ಆಚೆ ಬದಿಗೆ ಸರಿಯಿತು, ಮೈನಾ ಒಳಗೆ ಹೋದ ಕೂಡಲೇ ಈಚೆ ಬಂತು. ಮತ್ತೆ ಟಕ್ ಟಕ್. ಪ್ರತಿ ಹತ್ತು ಹನ್ನೆರಡು ಏಟಿಗೆ ಒಮ್ಮೆ ತಲೆ ಒಳಗೆ ಹಾಕಿ, ಬಾಯಿ ತುಂಬ ಹುಡಿ ತೆಗೆದು ತಲೆ ಕೊಡವುತ್ತಿತ್ತು. ಪುಳ್ಳಿ ಮರದ ಬುಡದಲ್ಲಿ ತೆರೆದ ಪುಸ್ತಕ ಹಿಡಿದು ನಿಂತಳು. ಕಂದು ಹುಡಿ ಹಾಳೆಯ ಮೇಲೆ, ಅವಳ ತಲೆಯ ಎಣ್ಣೆಯ ಮೇಲೆ ಸಣ್ಣಗೆ ಬಿದ್ದಿತು.

ಹನ್ನೊಂದರ ಬಸ್ಸಿಗೆ ಹೊರಟೆ. ಚೀಲದಲ್ಲಿ ಅತ್ತೆಯ ಹಪ್ಪಳ, ಒಂದು ಬಾಟಲಿ ಪುನರ್ಪುಳಿ.

ಹದಿನಾರು ದಿನದ ನಂತರ ಮಾವನ ಫೋನಿನಿಂದ ಒಂದು ಸಂದೇಶ ಬಂತು, ಬರೆದದ್ದು ಪುಳ್ಳಿ. "ಮಾವ, ಮೂರನೇ ತೂತಿಗೆ ಹೆಣ್ಣು ನಿನ್ನೆ ರಾತ್ರಿ ಮಲಗಲಿಕ್ಕೆ ಹೋಯಿತು. ಇವತ್ತು ಬೆಳಿಗ್ಗೆ ಒಂದು ಮಡಿವಾಳ ಹಕ್ಕಿ ಬಂದು ಇಣುಕಿ ನೋಡಿ ಹೋಯಿತು. ಟೈಮು ಬರೆದಿಟ್ಟಿದ್ದೇನೆ, 6.50."